ಚೀಟಿಯಲ್ಲಿ ಬರೆಯದ ಸಡಿಲ

ಅಲ್ ಹಿಲಾಲ್, ದೋಹಾ
14 ಮಾರ್ಚ್ 2020

ಪ್ರೀತಿಯ ಉಪ್ಪ,

ಅಸ್ಸಲಾಮು ಅಲೈಕುಂ. ಕಾಗದದಲ್ಲಿ ನಿಮಗೆ ಬರೆಯುವುದು ಇದೇ ಮೊದಲು. ಏಳನೇ ಕ್ಲಾಸಿನವರೆಗೆ ಫರಂಗಿಪೇಟೆ ಶಾಲೆಯಲ್ಲಿ ಕಲಿತ ಕನ್ನಡ ಇನ್ನೂ ಕೈಯಲ್ಲಿ ಉಂಟಾ ಎಂದು ನೋಡಿಕೊಳ್ಳುತ್ತಿದ್ದೇನೆ. ಇದರ ಫೋಟೊ ತೆಗೆದು ಫಾಹಿಮಾಳ ಫೋನಿಗೆ ಕಳಿಸುತ್ತೇನೆ. ಮಾಮಿಯ ಮಗಳು ಎಂದ ಮೇಲೆ ನಿಮಗೆ ದೊಡ್ಡದು ಮಾಡಿ ತೋರಿಸುವಷ್ಟು ಕೆಲಸವಾದರೂ ಮಾಡಲಿ.

ಹತ್ತು ದಿನ ಎಂದು ಊರಿಗೆ ಹೋದವರು ನೀವು. ಗಂಟಲಿನ ಗಡ್ಡೆ ತೆಗೆಸಿ, ನಾಲ್ಕು ದಿನ ಮಲಗಿ, ಬರುವಾಗ ಹಲ್ವ ತರುತ್ತೇನೆ ಎಂದಿರಿ. ಒಂಬತ್ತನೇ ತಾರೀಖಿಗೆ ಇಲ್ಲಿಯವರು ಇಂಡಿಯಾದಿಂದ ಬರುವವರಿಗೆ ಬಾಗಿಲು ಹಾಕಿದರು. ಮರುದಿನ ನಮ್ಮ ಯೂನಿವರ್ಸಿಟಿಗೂ ಬೀಗ ಬಿತ್ತು. ಬಿ.ಕಾಂ.ನ ಕೊನೆಯ ಸೆಮಿಸ್ಟರ್ ಇನ್ನು ಅಡುಗೆಮನೆಯ ಮೇಜಿನ ಮೇಲೆ, ಲ್ಯಾಪ್‌ಟಾಪಿನಲ್ಲಿ.

ಡಾಕ್ಟರು ಮಾತಾಡಬಾರದು ಎಂದಿದ್ದಾರಂತೆ. ಎಷ್ಟು ವಾರ? ನೀವು ಮಾತಾಡದೆ ಇರುವುದೆಂದರೆ ನನಗೆ ನಂಬಲಿಕ್ಕೇ ಆಗುವುದಿಲ್ಲ. ಸೂಕ್ ವಾಕಿಫ್ ಮಾರ್ಕೆಟಿನ ಹಿಂದಿನ ಗಲ್ಲಿಯ ನಿಮ್ಮ ಟೈಲರ್ ಅಂಗಡಿಗೆ ಅರ್ಧ ಜನ ಬರುವುದೇ ನಿಮ್ಮ ಮಾತು ಕೇಳಲಿಕ್ಕೆ, ಬಟ್ಟೆ ಹೊಲಿಸುವುದು ಆಮೇಲೆ. ನೀವು ಟೇಪು ಹಿಡಿದು "ಭುಜ ಹದಿನೆಂಟೂವರೆ! ತೋಳು ಇಪ್ಪತ್ತನಾಲ್ಕು!" ಎಂದು ಮಸೀದಿಯಲ್ಲಿ ಬಾಂಗ್ ಕೊಡುವ ಹಾಗೆ ಕೂಗುವುದು, ನಾನು ಮೂಲೆಯ ಸ್ಟೂಲಿನಲ್ಲಿ ಕೂತು ಚೀಟಿಯಲ್ಲಿ ಬರೆಯುವುದು. ಹದಿಮೂರನೇ ವಯಸ್ಸಿನಿಂದ ನನ್ನ ಪ್ರತಿ ಗುರುವಾರದ ಸಂಜೆ ಹಾಗೇ ಕಳೆದಿದೆ. ಈಗ ಮನೆಯಲ್ಲಿ ಎ.ಸಿ.ಯ ಸದ್ದು ಬಿಟ್ಟರೆ ಎಂತದೂ ಇಲ್ಲ.

ಹೆದರಬೇಡಿ, ನಾನು ಒಬ್ಬಳೇ ಇಲ್ಲ. ಉಮ್ಮ ತೀರಿಕೊಂಡಾಗ ನೋಡಿಕೊಂಡ ಹಾಗೆಯೇ ಮೇಲಿನ ಮನೆಯ ಆಯಿಶಾ ಆಂಟಿ ನೋಡಿಕೊಳ್ಳುತ್ತಿದ್ದಾರೆ. ಮಲಗುವುದೂ ಅವರಲ್ಲೇ.

ನಿಮ್ಮ ಮಗಳು,
ನಹ್ಲಾ


ಫರಂಗಿಪೇಟೆ
23 ಮಾರ್ಚ್ 2020

ನಹ್ಲಾ ಮಗಳೇ,

ವ ಅಲೈಕುಮುಸ್ಸಲಾಂ. ನಿನ್ನ ಅಕ್ಷರ ನೋಡಿದೆ. ಸ್ವಲ್ಪ ಓರೆ ಹೋಗಿದೆ, ಆದರೆ ಎಲ್ಲಿಯೂ ಹೊಲಿಗೆ ಬಿಟ್ಟಿಲ್ಲ. ಆ ಶಾಲೆಯ ಮಾಸ್ಟ್ರಿಗೆ ಇದನ್ನು ತೋರಿಸಬೇಕಿತ್ತು.

ಗಡ್ಡೆ ತೆಗೆದಾಯಿತು. ಗಂಟಲಿಗೆ ರೆಸ್ಟ್ ಬೇಕಂತೆ, ಸ್ವಲ್ಪ ಸಮಯ. ಎಷ್ಟು ಸಮಯ ಎಂದು ನಾನು ಕೇಳಲಿಲ್ಲ. ಕೇಳುವುದಾದರೂ ಯಾವ ಬಾಯಲ್ಲಿ ಮಾರಾಯ್ತಿ? ಫಾಹಿಮಾಳ ಮಗುವಿನ ಸ್ಲೇಟು ಈಗ ನನ್ನ ಕೈಯಲ್ಲಿದೆ. ಚಹಾ ಬೇಕು ಎಂದು ಬರೆದು ಮುಗಿಸುವುದರೊಳಗೆ ನಿನ್ನ ಮಾಮಿ ಚಹಾ ತಂದು, ಅದು ತಣಿದು, ನನಗೆ ಎರಡು ಮಾತು ಬೈದೂ ಆಗಿರುತ್ತದೆ. ತಿರುಗಿ ಬೈಯಬೇಕೆಂದರೆ ಮೊದಲು ಸ್ಲೇಟು ಒರೆಸಬೇಕು. ಇಂಥ ಜಗಳ ಯಾರಿಗೂ ಬೇಡ.

ಅಂಗಡಿಯ ಮೇಲಿನ ಹಲಗೆಯಲ್ಲಿ ಈದ್‌ಗೆಂದು ಅರಬಿ ಗಿರಾಕಿಗಳು ಕೊಟ್ಟ ಹನ್ನೊಂದು ಥೋಬ್‌ನ ಬಟ್ಟೆ ಉಂಟು. ಎಲ್ಲದಕ್ಕೂ ಚೀಟಿ ಪಿನ್ ಮಾಡಿದ್ದೇನೆ. ಇಸ್ತ್ರಿಯ ತಾಹಿರ್ ಚಾಚಾನಿಗೆ ಹೇಳಿ ಅವರವರ ಬಟ್ಟೆ ಅವರವರಿಗೆ ತಲುಪಿಸು. ಅಬೂಬಕರ್ ಸಲಾಂ ಹೇಳಿದ್ದಾರೆ, ಈ ಸಲ ಆಗಲಿಲ್ಲ, ಮನ್ನಿಸಬೇಕು ಎಂದು ಹೇಳಿಸು. ಮೂವತ್ತೊಂದು ವರ್ಷದಲ್ಲಿ ಈ ಮಾತು ಹೇಳಿಸುವುದು ಇದೇ ಮೊದಲು.

ನೀನು ಓದು. ಅದೊಂದೇ ನಿನ್ನ ಕೆಲಸ.

ನಿನ್ನ ಉಪ್ಪ,
ಅಬೂಬಕರ್


ದೋಹಾ
3 ಏಪ್ರಿಲ್ 2020

ಉಪ್ಪ,

ಬೈಯುವುದಾದರೆ ಮೊದಲೇ ಸ್ಲೇಟು ಒರೆಸಿಟ್ಟುಕೊಳ್ಳಿ.

ಸೂಕ್ ಪೂರ್ತಿ ಮುಚ್ಚಿತು. ಅದಕ್ಕೆ ಎರಡು ದಿನ ಮೊದಲು ತಾಹಿರ್ ಚಾಚಾ ಮತ್ತು ನಾನು ಪಿಕಪ್ಪಿನಲ್ಲಿ ನಿಮ್ಮ ಮಿಷನ್, ಹನ್ನೊಂದು ಬಟ್ಟೆ, ಬಿಳಿ ಬಟ್ಟೆಯ ಥಾನು ಎಲ್ಲ ಮನೆಗೆ ತಂದೆವು. ಈಗ ಚಾಚಾ ಇರುವ ಇಂಡಸ್ಟ್ರಿಯಲ್ ಏರಿಯಾಕ್ಕೂ ಬೇಲಿ ಹಾಕಿದ್ದಾರೆ, ಅವರು ಹೊರಗೆ ಬರುವ ಹಾಗಿಲ್ಲ. ಬಟ್ಟೆ ನಾನು ಹಿಂದೆ ಕೊಡಲಿಲ್ಲ. ಕೊಡುವುದೂ ಇಲ್ಲ. ನಾನೇ ಹೊಲಿಯುತ್ತೇನೆ.

ಗುಂಡಿ ಹಾಕುವುದು ಬಿಟ್ಟರೆ ನನಗೆ ಎಂತದೂ ಬರುವುದಿಲ್ಲ ಎಂದು ನನಗೂ ಗೊತ್ತು. ಆದರೆ ಕ್ಲಾಸು ಮಧ್ಯಾಹ್ನ ಹನ್ನೆರಡಕ್ಕೆ ಮುಗಿಯುತ್ತದೆ. ಆಮೇಲೆ ಸಂಜೆಯ ಮಗ್ರಿಬ್‌ವರೆಗೆ ನಾನು ಎಂತ ಮಾಡಲಿ ಹೇಳಿ? ಕ್ಲಾಸಿನಲ್ಲೂ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ. ಹೆಸರು ಬರೆದ ಕಪ್ಪು ಡಬ್ಬಿಗಳು. ನಿನ್ನೆ ಮೇಷ್ಟ್ರು ನನ್ನ ಹೆಸರು ಕರೆದಾಗ ಉತ್ತರಿಸಲು ಹೋದೆ, ಧ್ವನಿಯೇ ಹೊರಡಲಿಲ್ಲ. ಆಂಟಿಯ ಮನೆಯಿಂದ ಇಳಿದು ಬಂದ ಮೇಲೆ ಬಾಯೇ ತೆರೆದಿರಲಿಲ್ಲ ಎಂದು ಆಗ ಗೊತ್ತಾಯಿತು.

ಹೇಗೆ ಹೊಲಿಯುವುದೆಂದು ಬರೆಯಿರಿ. ಈದ್‌ಗೆ ಏಳು ವಾರ ಉಂಟು.

ನಹ್ಲಾ


ಫರಂಗಿಪೇಟೆ
6 ಏಪ್ರಿಲ್ 2020

ಹಠಮಾರಿ ಮಗಳೇ,

ಥೋಬ್ ಹೊಲಿಯುವುದೆಂದರೆ ನೂಡಲ್ಸ್ ಬೇಯಿಸಿದ ಹಾಗಾ? ಎರಡು ನಿಮಿಷದಲ್ಲಿ ಆಗಲಿಕ್ಕೆ? ಅದು ನೋಡಲು ಕುತ್ತಿಗೆಯಿಂದ ಪಾದದವರೆಗೆ ಒಂದು ಬಿಳಿ ಚೀಲ. ಹೊಲಿಯುವವನಿಗೆ ಅದರಷ್ಟು ಕಷ್ಟದ್ದು ಬೇರೆ ಇಲ್ಲ. ಬಿಳಿಯಲ್ಲಿ ಒಂದು ಸುಕ್ಕೂ ಅಡಗುವುದಿಲ್ಲ.

ನೀನು ಕೇಳುವವಳಲ್ಲ ಎಂದು ಗೊತ್ತಿದ್ದು ಬರೆಯುತ್ತಿದ್ದೇನೆ. ಮೊದಲ ಮೂರು ದಿನ ಬಟ್ಟೆ ಮುಟ್ಟಬೇಡ. ಮಿಷನಿನ ಸೂಜಿಗೆ ದಾರ ಹಾಕಬೇಡ. ಹಳೆಯ ಪೇಪರಿನ ಮೇಲೆ ಗೆರೆ ಎಳೆದು, ಬರೀ ಸೂಜಿಯಲ್ಲಿ ಗೆರೆಯ ಮೇಲೆ ಓಡಿಸು. ತೂತು ಗೆರೆ ಬಿಟ್ಟರೆ ಇನ್ನೊಂದು ಪೇಪರು. ನಾನು ಕಲಿತದ್ದೂ ಹಾಗೇ, ಮಂಗಳೂರಿನ ಬಂದರಿನ ಒಂದು ಅಂಗಡಿಯಲ್ಲಿ. ಕಾಲು ನಿಧಾನಕ್ಕೆ ಹೋಗಲಿ. ಮಿಷನ್ ನಿನ್ನನ್ನು ಎಳೆದುಕೊಂಡು ಹೋಗಬಾರದು, ನೀನು ಮಿಷನನ್ನು ನಡೆಸಬೇಕು.

ಆಮೇಲೆ ಬಟ್ಟೆಯನ್ನು ನೀರಿಗೆ ಹಾಕಿ ಒಣಗಿಸು. ಹಾಗೆ ಮಾಡದಿದ್ದರೆ ಮೊದಲ ಒಗೆತಕ್ಕೇ ಎಳೆದುಕೊಂಡು ಗಿಡ್ಡವಾಗುತ್ತದೆ. ಕತ್ತರಿಸುವುದು ಹೇಗೆಂದು ಹಿಂದಿನ ಪುಟದಲ್ಲಿ ಚಿತ್ರ ಬರೆದಿದ್ದೇನೆ. ಚೀಟಿ ನೋಡಿ ಕತ್ತರಿಸು.

ಆಯಿಶಾಳಿಗೆ ನನ್ನ ಸಲಾಂ ಹೇಳು.

ಉಪ್ಪ


ದೋಹಾ
21 ಏಪ್ರಿಲ್ 2020

ಉಪ್ಪ,

ಹಾಳು ಮಾಡಿದೆ.

ಮೊದಲು ಹಿಡಿದದ್ದು ಬೂ ಖಾಲಿದ್ ಅವರದ್ದು, ಇಪ್ಪತ್ತು ವರ್ಷದಿಂದ ನಿಮ್ಮ ಗಿರಾಕಿ. ಪೇಪರಿನ ಮೇಲೆ ಮೂರಲ್ಲ, ಎಂಟು ದಿನ ಓಡಿಸಿದ್ದೆ. ಬಟ್ಟೆ ನೀರಿಗೆ ಹಾಕಿದ್ದೆ. ಚೀಟಿಯಲ್ಲಿ ಎದೆ ನಲವತ್ತನಾಲ್ಕು, ನಾನೇ ಬರೆದ ಅಕ್ಷರ. ನಲವತ್ತನಾಲ್ಕಕ್ಕೇ ಕತ್ತರಿಸಿದೆ. ಹೊಲಿದು ಹರಡಿ ನೋಡಿದರೆ ಅದು ಥೋಬ್ ಅಲ್ಲ, ದಿಂಬಿನ ಕವರ್. ಅವರು ಮೈಗೆ ಹಾಕಿದರೆ ಕೈ ಮೇಲೆತ್ತಲಿಕ್ಕೇ ಆಗಲಿಕ್ಕಿಲ್ಲ. ಆ ಮನುಷ್ಯ ನಮಾಜಿಗೆ ಬಾಗುವುದಾದರೂ ಹೇಗೆ?

ಎರಡು ಸಲ ಅಳೆದೆ. ಚೀಟಿಯಲ್ಲಿ ಇದ್ದ ಹಾಗೇ ಉಂಟು. ಹಾಗಾದರೆ ತಪ್ಪು ಎಲ್ಲಿ? ಚೀಟಿಯ ಹಿಂದೆ ಮುಂದೆ ಹುಡುಕಿದೆ, ಮತ್ತೆಂತದೂ ಬರೆದಿಲ್ಲ. ನೆಲದಲ್ಲಿ ಕೂತು ಅತ್ತೆ. ನೀವು ಪಕ್ಕದಲ್ಲಿ ಇದ್ದು ಒಂದು ಮಾತು ಹೇಳಿದ್ದರೆ ಸಾಕಿತ್ತು.

ನಹ್ಲಾ


ಫರಂಗಿಪೇಟೆ
24 ಏಪ್ರಿಲ್ 2020

ಅಳಬೇಡ ಮಗಳೇ, ತಪ್ಪು ನನ್ನದು.

ನಿನ್ನ ದಿಂಬಿನ ಕವರ್ ಓದಿ ನಗು ಬಂತು. ನಗಲು ಹೋಗಿ ಕೆಮ್ಮಾಯಿತು, ನಿನ್ನ ಮಾಮಿ ಓಡಿ ಬಂದಳು.

ಚೀಟಿಯಲ್ಲಿ ಇರುವುದು ಮೈಯ ಅಳತೆ ಮಾತ್ರ. ನಾನು ಕೂಗುತ್ತಿದ್ದದ್ದು, ನೀನು ಬರೆಯುತ್ತಿದ್ದದ್ದು ಅಷ್ಟೇ. ಅದರ ಮೇಲೆ ಎಷ್ಟು ಸಡಿಲ ಬಿಡಬೇಕು ಎನ್ನುವುದನ್ನು ನಾವು ಬರೆಯುವುದಿಲ್ಲ. ಕತ್ತರಿ ಹಿಡಿದಾಗ ಆ ಮನುಷ್ಯನನ್ನು ನೆನಪು ಮಾಡಿಕೊಂಡು ಬಿಡುವುದು. ಬೂ ಖಾಲಿದ್ ಮಜ್ಲಿಸ್‌ನಲ್ಲಿ ಬಂದವರ ಜೊತೆ ಗಂಟೆಗಟ್ಟಲೆ ನೆಲದ ಮೇಲೆ ಕೂರುವವರು, ಮೊಣಕಾಲು ನೋವು ಬೇರೆ. ಅವರಿಗೆ ಎದೆಯಲ್ಲಿ ಆರು ಇಂಚು, ಕೆಳಗೆ ಇನ್ನೂ ಜಾಸ್ತಿ. ಚಿಕ್ಕ ವಯಸ್ಸಿನವರಿಗೆ ನಾಲ್ಕು ಸಾಕು. ಕತ್ತರಿಸುವಾಗ ನಾನು ಒಬ್ಬನೇ ಗೊಣಗುತ್ತಿದ್ದೆನಲ್ಲ, "ಇವರು ಕಾರು ಓಡಿಸುವವರು, ಇವರಿಗೆ ಹೊಟ್ಟೆ ಬರುತ್ತಾ ಉಂಟು" ಎಂದು? ನೀನು ಅದನ್ನು ನನ್ನ ಬಾಯಿಚಟ ಅಂದುಕೊಂಡಿದ್ದೆ. ಅದೇ ಲೆಕ್ಕ ಮಾರಾಯ್ತಿ.

ಹಿಂದಿನ ಪುಟದಲ್ಲಿ ಹನ್ನೊಂದು ಜನರ ಸಡಿಲ ಬರೆದಿದ್ದೇನೆ. ಬೂ ಖಾಲಿದ್‌ಗೆ ನಮ್ಮ ಥಾನಿನಿಂದ ಹೊಸದು ಕತ್ತರಿಸು. ಹಾಳಾದದ್ದನ್ನು ಬಿಸಾಡಬೇಡ.

ಇವತ್ತು ಅಲ್ಲಿ ರಂಜಾನಿನ ಮೊದಲ ನೋಂಬು ಅಲ್ಲವಾ? ಹೊತ್ತಿಗೆ ಸರಿಯಾಗಿ ತಿನ್ನು.

ಉಪ್ಪ


ದೋಹಾ
28 ಮೇ 2020

ಉಪ್ಪ,

ಈದ್ ಮುಬಾರಕ್, ನಾಲ್ಕು ದಿನ ತಡವಾಗಿ. ಹನ್ನೊಂದೂ ತಲುಪಿದವು. ಡ್ರೈವರ್‌ಗಳು ಬಂದು ಬಾಗಿಲ ಹೊರಗೆ ನಿಂತು ಫೋನ್ ಮಾಡಿದರು. ನಾನು ಚೀಲ ಹೊರಗಿಟ್ಟು ಬಾಗಿಲು ಹಾಕಿದೆ. ಬೂ ಖಾಲಿದ್ ಹೊಸ ಥೋಬ್ ಹಾಕಿದ ಫೋಟೊ ಕಳಿಸಿ, "ಅಬೂಬಕರ್ ಬಂದನಾ?" ಎಂದು ಕೇಳಿದ್ದಾರೆ. ಅದಕ್ಕಿಂತ ದೊಡ್ಡ ಡಿಗ್ರಿ ನನಗೆ ಬೇಡ. ಬಿ.ಕಾಂ. ಡಿಗ್ರಿಯ ಪರೀಕ್ಷೆಯೂ ಮೊನ್ನೆ ಮುಗಿಯಿತು. ಕೊನೆಯ ಉತ್ತರ ಬರೆದು ಬಟನ್ ಒತ್ತಿದೆ. ಥ್ಯಾಂಕ್ಸ್ ಎಂದು ಬಂತು. ಲ್ಯಾಪ್‌ಟಾಪ್ ಮುಚ್ಚಿದೆ. ಮೂರು ವರ್ಷ ಓದಿದ್ದು ಹಾಗೆ ಮುಗಿಯಿತು.

ಆಯಿಶಾ ಆಂಟಿ ಈದ್‌ಗೆ ಬಿರಿಯಾನಿ ಮಾಡಿದ್ದರು.

ಪದವಿ ಕೊಡುವ ಕಾರ್ಯಕ್ರಮ ಜೂನ್ 25ಕ್ಕೆ, ಅದೂ ಆನ್‌ಲೈನ್. ಗೌನ್ ಕೊಡುವುದಿಲ್ಲ. ಅಬಾಯದ ಕಪ್ಪು ಬಟ್ಟೆ ಉಳಿದಿತ್ತು, ನಾನೇ ಹೊಲಿದುಕೊಳ್ಳುವ ಅಂತ ಹೊರಟೆ. ಎಲ್ಲ ಅಳತೆ ಸಿಕ್ಕಿತು, ಬೆನ್ನಿನದು ಮಾತ್ರ ಆಗುವುದೇ ಇಲ್ಲ. ಟೇಪಿನ ತುದಿಯನ್ನು ಬಾಗಿಲ ಹಿಡಿಗೆ ಕಟ್ಟಿ, ಬೆನ್ನು ತಿರುಗಿಸಿ ನಿಂತು ನೋಡಿದೆ. ಪ್ರತಿ ಸಲ ಬೇರೆ ಬೇರೆ ಬರುತ್ತದೆ. ಉಪಾಯ ಹೇಳಿ.

ಇನ್ನೊಂದು ಕೇಳುತ್ತೇನೆ. ಮೂರು ತಿಂಗಳಾಯಿತು. ಒಂದೇ ಒಂದು ವಾಯ್ಸ್ ಮೆಸೇಜ್ ಕಳಿಸಿ. ಉದ್ದ ಮಾತಾಡುವುದು ಬೇಡ. "ಭುಜ ಹದಿನೈದು" ಎಂದರೆ ಸಾಕು.

ನಹ್ಲಾ


ಫರಂಗಿಪೇಟೆ
1 ಜೂನ್ 2020

ನಹ್ಲಾ,

ಆಯಿಶಾ ಬಿರಿಯಾನಿ ಮಾಡುತ್ತಾಳೆ, ಟೇಪಿನ ಒಂದು ತುದಿ ಹಿಡಿಯುವುದಿಲ್ಲವಾ?

ದೋಹಾಕ್ಕೆ ಬಂದ ಮೊದಲ ವರ್ಷ ನಾನೂ ಟೇಪನ್ನು ಬಾಗಿಲಿಗೆ ಕಟ್ಟಿ ನನ್ನ ಬೆನ್ನು ಅಳೆದಿದ್ದೆ. ಮನೆಯಲ್ಲಿ ಇನ್ನೊಬ್ಬರಿದ್ದರೆ ಯಾರೂ ಹಾಗೆ ಮಾಡುವುದಿಲ್ಲ.

ಆಯಿಶಾ ಎಲ್ಲಿ?

ಉಪ್ಪ


ದೋಹಾ
3 ಜೂನ್ 2020

ಉಪ್ಪ,

ಆಯಿಶಾ ಆಂಟಿ ಊರಿಗೆ ಹೋಗಿ ಮೂರು ವಾರವಾಯಿತು. ಸ್ಪೆಷಲ್ ವಿಮಾನ ಬಂತಲ್ಲ, ಅದರಲ್ಲಿ. ಅಂಕಲ್‌ನ ಕೆಲಸ ಹೋಯಿತು. ನನ್ನ ಹೆಸರನ್ನೂ ಕೊಡುತ್ತೇನೆ, ಜೊತೆಗೆ ಬಾ ಎಂದು ಕೈ ಹಿಡಿದು ಅತ್ತರು. ನಾನು ಹೋಗಲಿಲ್ಲ. ಪರೀಕ್ಷೆ ಇತ್ತು, ಐದು ಥೋಬ್ ಬಾಕಿ ಇತ್ತು. ನಿಜ ಹೇಳಬೇಕೆಂದರೆ, ನಾನೂ ಹೊರಟುಬಿಟ್ಟರೆ ನೀವು ತಿರುಗಿ ಇಲ್ಲಿಗೆ ಬರುವುದೇ ಇಲ್ಲ ಎಂದು ಹೆದರಿಕೆಯಾಯಿತು. ನಿಮಗೆ ಹೇಳಿದರೆ ಊಟ ಬಿಡುತ್ತೀರಿ, ಅದಕ್ಕೆ ಹೇಳಲಿಲ್ಲ.

ಬಿರಿಯಾನಿ ಸುಳ್ಳು. ಈದ್ ದಿನ ಬನ್ ಮತ್ತು ಚಹಾ. ನೋಂಬು ಬಿಡುವಾಗ ಮೇಜಿನ ಮೇಲೆ ಎರಡು ಖರ್ಜೂರ ಇಟ್ಟುಕೊಳ್ಳುತ್ತಿದ್ದೆ, ಒಂದು ನಿಮ್ಮ ಲೆಕ್ಕದ್ದು. ಕಡೆಗೆ ಅದನ್ನೂ ನಾನೇ ತಿನ್ನುವುದು. ಮಿಷನ್ ಹತ್ತಿರ ಮಾತಾಡಲು ಶುರು ಮಾಡಿದ್ದೇನೆ. ದಾರ ಕಡಿದರೆ "ಎಂತ ಆಯ್ತು ನಿನಗೆ?" ಎಂದು ಕೇಳುತ್ತೇನೆ. ಕೇಳಿದವರು ಹುಚ್ಚಿ ಎನ್ನುತ್ತಾರೆ, ಆದರೆ ಕೇಳುವವರೇ ಇಲ್ಲವಲ್ಲ.

ಬೈಯಿರಿ. ತಪ್ಪಾಯಿತು.

ನಹ್ಲಾ


ದೋಹಾ
19 ಜೂನ್ 2020

ಉಪ್ಪ,

ಹದಿನಾರು ದಿನವಾಯಿತು. ಬೈಯಿರಿ ಅಂದದ್ದು ನಾನು, ಸುಮ್ಮನಿರಿ ಎಂದು ಹೇಳಲಿಲ್ಲ. ಫಾಹಿಮಾಳಿಗೆ ಫೋನ್ ಮಾಡಿದರೆ "ಆರಾಮಾಗಿದ್ದಾರೆ" ಎಂದು ಇಟ್ಟುಬಿಡುತ್ತಾಳೆ.

ರಿಸಲ್ಟ್ ಬಂತು. ಫಸ್ಟ್ ಕ್ಲಾಸ್. ಇಷ್ಟರವರೆಗೆ ಯಾರಿಗೂ ಹೇಳಿಲ್ಲ. 25ಕ್ಕೆ ಸಂಜೆ ನೋಡಿ, ಲಿಂಕ್ ಕಳಿಸಿದ್ದೇನೆ. ಹಳೆಯ ಕುರ್ತಾದ ಬೆನ್ನು ಅಳೆದು ಗೌನ್ ಹೊಲಿದೆ. ಎಡಭುಜ ಸ್ವಲ್ಪ ಜಾರುತ್ತದೆ.

ನಹ್ಲಾ


ಫರಂಗಿಪೇಟೆ
27 ಜೂನ್ 2020

ನನ್ನ ಮಗಳೇ,

ಬೈಯಲು ನನಗೆ ಮುಖವಿರಲಿಲ್ಲ. ನೀನು ಒಂದು ಸುಳ್ಳು ಹೇಳಿದ್ದಕ್ಕೆ ತಪ್ಪಾಯಿತು ಎಂದು ಬರೆದೆ. ನಾನು ಮಾರ್ಚ್‌ನಿಂದ ಪ್ರತಿ ಕಾಗದದಲ್ಲೂ ಹೇಳುತ್ತಾ ಬಂದಿದ್ದೇನೆ.

ಮೊನ್ನೆ ಎಲ್ಲರೂ ಫಾಹಿಮಾಳ ಫೋನಿನ ಸುತ್ತ ಕೂತಿದ್ದೆವು. ನಿನ್ನ ಹೆಸರು ಬಂತು, ಕಪ್ಪು ಗೌನಿನಲ್ಲಿ ನೀನು ಬಂದೆ. ನಾಲ್ಕು ಸೆಕೆಂಡು. ನನಗೆ ಎಲ್ಲ ಮರೆತುಹೋಯಿತು. ಎದ್ದು ನಿಂತು ಬಾಯಿ ತೆರೆದು "ಮಾಶಾ ಅಲ್ಲಾಹ್, ನನ್ನ ಮಗಳು!" ಎಂದು ಕೂಗಿದೆ. ಗಾಳಿ ಕೂಡ ಬರಲಿಲ್ಲ. ನಿನ್ನ ಮಾಮಿ ಮುಖ ಆಚೆ ತಿರುಗಿಸಿದಳು.

ಡಾಕ್ಟರು ತೆಗೆದದ್ದು ಗಡ್ಡೆ ಮಾತ್ರ ಅಲ್ಲ ಮಗಳೇ. ಅದು ಕ್ಯಾನ್ಸರ್. ಧ್ವನಿಪೆಟ್ಟಿಗೆಯನ್ನೇ ತೆಗೆದರು. ಆಮೇಲೆ ಮೂವತ್ತು ಸಲ ರೇಡಿಯೇಷನ್ನಿನ ಕರೆಂಟ್ ಇಟ್ಟರು. ರೋಗ ಹೋಗಿದೆ ಎನ್ನುತ್ತಾರೆ, ಅಲ್‌ಹಮ್ದುಲಿಲ್ಲಾಹ್. ಧ್ವನಿಯೂ ಹೋಗಿದೆ. ಕುತ್ತಿಗೆಯಲ್ಲಿ ಒಂದು ತೂತು ಉಂಟು, ಕಾಜಾದ ಹಾಗೆ, ಅದಕ್ಕೆ ಗುಂಡಿ ಇಲ್ಲ. ಉಸಿರು ಅದರಲ್ಲೇ. ನೀನು "ಭುಜ ಹದಿನೈದು" ಎಂದು ಕಳಿಸಲು ಕೇಳಿದ ದಿನ ಆ ಎರಡು ಶಬ್ದ ಸ್ಲೇಟಿನಲ್ಲಿ ಬರೆದು ಒರೆಸಿದೆ.

ಕೂಗದ ಟೈಲರ್ ಆ ಗಲ್ಲಿಗೆ ಎಂತಕ್ಕೆ? ಜನ ಬರುತ್ತಿದ್ದದ್ದೇ ಮಾತು ಕೇಳಲು ಎಂದು ನೀನೇ ಬರೆದಿದ್ದೆ. ಅಂಗಡಿ ಯಾರಿಗಾದರೂ ಕೊಟ್ಟುಬಿಡುವ. ಖಲಾಸ್. ನೀನು ಬಂದುಬಿಡು.

ಉಪ್ಪ


ದೋಹಾ
4 ಜುಲೈ 2020

ಉಪ್ಪ,

ನಿಮ್ಮ ಕಾಗದ ಓದಿ ಎರಡು ದಿನ ನಾನು ಎಂತದೂ ಮಾಡಲಿಲ್ಲ. ಫಾಹಿಮಾಳ ಮೇಲೆ ಸಿಟ್ಟು ಬಂತು, ನಿಮ್ಮ ಮೇಲೆ ಬಂತು. ಆಮೇಲೆ ಫೋನಿನಲ್ಲಿ ಹುಡುಕಿದೆ. ನಿಮ್ಮದು ಒಂದೇ ವಾಯ್ಸ್ ಮೆಸೇಜ್ ಉಂಟು, ಫೆಬ್ರವರಿಯದ್ದು. "ಯಲ್ಲಾ ನಹ್ಲಾ, ಅನ್ನ ಇಟ್ಟಿದ್ದೀಯಾ? ನಾನು ಹೊರಟೆ." ಅಷ್ಟೇ. ಧ್ವನಿ ಆಗಲೇ ಒಡೆದಿದೆ. ಅದೆಷ್ಟು ಸಲ ಕೇಳಿದೆನೋ. ಇಟ್ಟಿದ್ದೇನೆ ಉಪ್ಪ, ಇಟ್ಟಿದ್ದೇನೆ ಎಂದು ಪ್ರತಿ ಸಲ ಹೇಳಿದೆ.

ಈಗ ಕೇಳಿ. ಖಲಾಸ್ ಎನ್ನಬೇಡಿ. ಈ ವಾರ ಗಲ್ಲಿಯ ಅಂಗಡಿಗಳು ತೆರೆದವು. ಮಿಷನ್ ತಿರುಗಿ ಸಾಗಿಸಿ ನಮ್ಮದನ್ನೂ ನಾನು ತೆರೆದೆ. ಈಗ ಯಾರ ಮೈಯನ್ನೂ ಮುಟ್ಟುವ ಹಾಗಿಲ್ಲ, ಗಿರಾಕಿಗಳು ಅಳತೆಗೆ ಹಳೆಯ ಥೋಬ್ ತಂದುಕೊಡುತ್ತಾರೆ. ನಾನು ಅದನ್ನು ಮೇಜಿನ ಮೇಲೆ ಹರಡಿ ಅಳೆಯುತ್ತೇನೆ. ಆದರೆ ಟೇಪು ಕೆಳಗಿಟ್ಟು ಪೆನ್ನು ಹಿಡಿಯುವಷ್ಟರಲ್ಲಿ ಸಂಖ್ಯೆ ಮರೆತಿರುತ್ತದೆ. ಪುನಃ ಅಳೆಯುವುದು, ಪುನಃ ಮರೆಯುವುದು. ಬೇಲಿ ತೆಗೆದ ಮೇಲೆ ತಾಹಿರ್ ಚಾಚಾ ಇಸ್ತ್ರಿಗೆ ಬರುತ್ತಾರೆ, ಅವರಿಗೆ ನಮ್ಮ ಕನ್ನಡದ ಚೀಟಿ ಬರೆಯಲು ಬಾರದು.

ಮೂಲೆಯ ಸ್ಟೂಲು ಖಾಲಿ ಉಂಟು. ಅದರಲ್ಲಿ ಕೂರಲು ಧ್ವನಿ ಬೇಡ. ನಾನು ಒಂಬತ್ತು ವರ್ಷ ಬಾಯಿ ಮುಚ್ಚಿಕೊಂಡೇ ಕೂತಿದ್ದೆ.

ಬನ್ನಿ.

ನಹ್ಲಾ


ಕ್ವಾರಂಟೈನ್ ಹೋಟೆಲು, ದೋಹಾ
11 ಸೆಪ್ಟೆಂಬರ್ 2020

ನಹ್ಲಾ,

ನಿನ್ನೆ ಸಂಜೆ ಕೆಳಗೆ ಫುಟ್‌ಪಾತಿನಲ್ಲಿ ಕಪ್ಪು ಗೌನು ಹಾಕಿಕೊಂಡು ನಿಂತೆಯಲ್ಲ, ಆ ಸೆಖೆಯಲ್ಲಿ! ಜನ ಎಂತ ಅಂದುಕೊಂಡರೋ. ನಾನು ನಾಲ್ಕನೇ ಮಾಳಿಗೆಯ ಕಿಟಕಿಯಿಂದ ಎರಡು ಕೈಯನ್ನೂ ಬೀಸಿದೆ. ನೀನು ಬಾಯಿಗೆ ಕೈ ಅಡ್ಡ ಹಿಡಿದು ಎಂತದೋ ಕೂಗಿದೆ. ಈ ಗಾಜಿನಲ್ಲಿ ಎಂತದೂ ಕೇಳುವುದಿಲ್ಲ. ಆಗ ನೀನೂ ನನ್ನ ಹಾಗೇ ಆದೆ. ನಾನು ಅತ್ತೆ, ನಿನಗೆ ಅಷ್ಟು ಮೇಲಿನದು ಕಾಣಲಿಕ್ಕಿಲ್ಲ.

ಎಡಭುಜ ಅರ್ಧ ಇಂಚು ಇಳಿದಿದೆ. ಮೇಲಿನಿಂದಲೇ ಗೊತ್ತಾಯಿತು. ಬಿಚ್ಚಿ ಸರಿ ಮಾಡಿಕೊಡುತ್ತೇನೆ.

ಭಾನುವಾರ ಬೆಳಿಗ್ಗೆ ಬಿಡುತ್ತಾರೆ. ಒಂದು ವಾರ ಮನೆಯಲ್ಲೇ ಇರಬೇಕಂತೆ, ಇರುವ. ಆಮೇಲೆ ಅಂಗಡಿಗೆ. ಸ್ಲೇಟು ತಂದಿದ್ದೇನೆ, ಫಾಹಿಮಾಳ ಮಗುವಿಗೆ ಹೊಸತು ಕೊಡಿಸಿದೆ. ಹಲ್ವವೂ ಉಂಟು.

ನಾನು ತುಂಬ ಇಳಿದಿದ್ದೇನೆ, ನೋಡಿ ಹೆದರಬೇಡ. ನೀನು ಹಾಳು ಮಾಡಿದ ಆ ದಿಂಬಿನ ಕವರ್ ಈಗ ನನಗೇ ಸಡಿಲವಾದೀತು. ಅಂಗಿಗಳೆಲ್ಲ ಮೈಮೇಲೆ ನೇತಾಡುತ್ತಿವೆ. ಅದಕ್ಕೇ ಮೊದಲ ಚೀಟಿ ನನ್ನದು. ಟೇಪು ನೀನು ಹಿಡಿ. ನಾನು ಎದುರು ನಿಲ್ಲುತ್ತೇನೆ, ಚೀಟಿ ಕೈಯಲ್ಲಿ ಹಿಡಿದು ಬರೆಯುತ್ತೇನೆ. ನೀನು ಕೂಗು, ಗಟ್ಟಿಯಾಗಿ, ಗಲ್ಲಿಯ ಆ ತುದಿಯವರೆಗೆ ಕೇಳುವ ಹಾಗೆ.

ಸಡಿಲ ಎಷ್ಟು ಬಿಡಬೇಕೆಂದು ನಾನು ಹೇಳುವುದಿಲ್ಲ. ನಿನಗೆ ಗೊತ್ತುಂಟು.

ನಿನ್ನ ಉಪ್ಪ,
ಅಬೂಬಕರ್